ಹಗೇವಿನಲ್ಲಿ ಮಲಗಿದ್ದ ಶಿರಾಜ್

ಫೆಬ್ರವರಿ ಕೊನೆಯ ಒಂದು ಶನಿವಾರ ಬೆಳಿಗ್ಗೆ ಹೊನ್ನಾಳಿಯಿಂದ ಹೊರಟೆ. ನ್ಯಾಮತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಊರು ಬಿಡುವಾಗ ತುಂಗಭದ್ರೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತಿತ್ತು. ನನ್ನನ್ನು ಕರೆಸಿದ್ದು ಅಕ್ಕ. ಫೋನಿನಲ್ಲಿ ಅವಳು ಹೇಳಿದ್ದಿಷ್ಟೇ: "ಕಾಲೇಜಿನಾಗೆ ಚರ್ಚಾಸ್ಪರ್ಧೆ ಅಂತ ಊರೂರು ತಿರುಗಿ ಕಪ್ ತಂದೀಯಲ್ಲ, ಬಂದು ನಿಮ್ಮ ಭಾವನ್ನ ಒಂದ್ಸಲ ಸೋಲಿಸು."

ಭಾವ ಕೊಟ್ರೇಶಿ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರಿ. ಎರಡು ವರ್ಷದ ಹಿಂದೆ ಯಾವುದೋ ಪ್ರವಾಸದಲ್ಲಿ ಒಂದು ಬಾಕ್ಸ್ ಶಿರಾಜ್ ತಂದಿದ್ದರು. ನಮ್ಮ ರಾಜ್ಯದ್ದೇ ದ್ರಾಕ್ಷಿಯ ಕೆಂಪು ವೈನ್, ಆಗಷ್ಟೇ ಬಾಟಲಿಗೆ ಇಳಿದದ್ದು, ಕೊಟ್ಟ ದುಡ್ಡಿಗೆ ಮೋಸವಿಲ್ಲದ ಮಾಲು. ಇಟ್ಟಷ್ಟೂ ಬೆಲೆ ಏರುತ್ತದೆಂದು ಯಾರೋ ಕಿವಿಯಲ್ಲಿ ಊದಿದ್ದರು. ಅಡಿಕೆಯವರಿಗೆ ಅಷ್ಟು ಸಾಕು. ದರ ಬರುವವರೆಗೆ ಮಾಲು ಹಿಡಿದಿಟ್ಟುಕೊಳ್ಳುವುದು ಅವರಿಗೆ ರಕ್ತದಲ್ಲೇ ಬಂದ ವಿದ್ಯೆ. ಈಗ ಅದೇ ವೈನನ್ನು ಇಪ್ಪತ್ತು ಬಾಕ್ಸ್ ಕೊಂಡು, ನಾಲ್ಕು ವರ್ಷ ಇಟ್ಟು, ಮಲೆನಾಡಿನ ಹೋಂಸ್ಟೇಗಳಿಗೆ ಮಾರುವ ಯೋಜನೆ ಹಾಕಿದ್ದರು. ಅದಕ್ಕೆ ಹಾಕಲು ಹೊರಟಿದ್ದು ಅಕ್ಕನ ಹೊಲಿಗೆ ಅಂಗಡಿಗೆಂದು ಕೂಡಿಟ್ಟ ದುಡ್ಡು. ನ್ಯಾಮತಿಯ ಪೇಟೆಯಲ್ಲಿ ಮಳಿಗೆ ನೋಡಿ ಆಗಿತ್ತು. ಸೋಮವಾರದೊಳಗೆ ಅಡ್ವಾನ್ಸ್ ಕೊಡದಿದ್ದರೆ ಅದು ಬೇರೆಯವರ ಪಾಲು.

"ಮಾರಾಕೆ ಲೈಸೆನ್ಸ್ ಬೇಕಲ್ಲ ಭಾವ?" ಮನೆಯ ಮೆಟ್ಟಿಲು ಹತ್ತುತ್ತಲೇ ಕೇಳಿದೆ.

"ಬಂದ್ಯಾ ವಕೀಲ? ನೀರು ಕುಡಿ ಮೊದ್ಲು. ಲೈಸೆನ್ಸ್ ಆಮೇಲಿನ ಮಾತು. ನಾಲಿಗೆಗೆ ಒಪ್ಪಿಗೆ ಆಗ್ತೈತೋ ಇಲ್ಲೋ, ಅದನ್ನ ನೋಡು."

ಆ ಬಾಕ್ಸನ್ನು ಅವರು ಮೂರು ಕಡೆ ಹಂಚಿಟ್ಟಿದ್ದರು: ನ್ಯಾಮತಿಯ ಮನೆಯ ಅಟ್ಟ, ಚನ್ನಗಿರಿಯ ಅಡಿಕೆ ಗೋದಾಮು, ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿರುವ ಅವರ ದೊಡ್ಡವ್ವನ ಮನೆ. ಮೂರೂ ಕಡೆ ಹೋಗಿ ರುಚಿ ನೋಡುವುದು, ಕೆಟ್ಟಿದ್ದರೆ ಯೋಜನೆ ಕೈಬಿಡುವುದು ಎಂದು ಒಪ್ಪಂದವಾಯಿತು. ಇಷ್ಟು ಸುಲಭವಾಗಿ ಅವರು ಒಪ್ಪಿದ್ದೇ ನನಗೆ ಅನುಮಾನ ತಂದಿತು.

ಅಕ್ಕ ಬಾಟಲಿಯನ್ನು ಒಳಗೆ ಬಿಚ್ಚಲು ಬಿಡಲಿಲ್ಲ. "ದೇವರ ಕೋಣೆ ಐತೆ, ಹಿತ್ತಲಿಗೆ ಹೋಗ್ರಿ" ಎಂದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಿಚ್ಚಿದೆವು. ಎರಡು ಬೇಸಿಗೆ ಹೆಂಚಿನ ಕೆಳಗೆ ಬೆಂದ ವೈನ್ ಅದು. ಒಂದು ಗುಟುಕು ಬಾಯಲ್ಲಿ ಆಡಿಸಿ ಕರಿಬೇವಿನ ಬುಡಕ್ಕೆ ಉಗಿದೆ. ಸೀದ ಬೆಲ್ಲದ ವಾಸನೆ, ಹಣ್ಣಿನ ಸುಳಿವೇ ಇಲ್ಲ.

"ನಂಗೆ ಒಂದು, ನಿಮ್ಗೆ ಸೊನ್ನೆ," ಎಂದೆ.

"ಅಟ್ಟ ಕಾಯ್ತೈತೆ, ಅದು ವೈನಿನ ತಪ್ಪಲ್ಲ," ಎಂದರು ಭಾವ. ವಾದ ಒಪ್ಪತಕ್ಕದ್ದೇ ಆಗಿತ್ತು, ಆದರೆ ನಾನು ಹಾಗೆ ಹೇಳಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಶಿವಮೊಗ್ಗಕ್ಕೆ ಹೋಗಿ ಅಲ್ಲಿಂದ ಚನ್ನಗಿರಿಯ ಬಸ್ಸು ಹಿಡಿದೆವು. ನಿಂತೇ ಪ್ರಯಾಣ. ಸಂಜೆ ಗೋದಾಮಿನ ಬಾಗಿಲು ತೆಗೆದಾಗ ಅಡಿಕೆಯ ಘಾಟು ಮೂಗಿಗೆ ಬಡಿಯಿತು. ಚೀಲಗಳ ಹಿಂದಿನಿಂದ ಭಾವ ತೆಗೆದ ಬಾಟಲಿ ಅರ್ಧಕ್ಕೆ ಇಳಿದಿತ್ತು.

"ಇದನ್ನ ಯಾರು ಕುಡ್ದಿದ್ದು?"

"ಕುಡ್ದಿಲ್ಲ ಮಾರಾಯ, ನೋಡಿದ್ದು."

"ನೋಡಿದ್ದು ಅಂದ್ರೆ?"

"ಚೀಲದಾಗೆ ಮಾಲು ಇಟ್ರೆ ಸುಮ್ನೆ ಬಿಡ್ತೀವೇನು? ಆಗಾಗ ಕೈ ಹಾಕಿ ಒಂದು ಹಿಡಿ ತೆಗೀತೀವಿ, ಅಡಿಕೆ ಒಡೆದು ನೋಡ್ತೀವಿ, ವಾಪಸ್ ಹಾಕ್ತೀವಿ. ಹಂಗೇ ಇದನ್ನೂ ಬಿಚ್ಚಿ, ಒಂದು ಚಮಚ ನೋಡಿ, ಮತ್ತೆ ಬಿರಡೆ ಹಾಕಿದ್ದೆ."

"ಎಷ್ಟು ಸಲ?"

"ಹೋದಾಗೆಲ್ಲ."

ನಾಲಿಗೆಗೆ ಮುಟ್ಟಿಸಿದೆ. ಅಪ್ಪಟ ಹುಳಿ, ಉಪ್ಪಿನಕಾಯಿಗೆ ಹಾಕಬಹುದಿತ್ತು. ಒಮ್ಮೆ ಬಿಚ್ಚಿದ ವೈನಿಗೆ ಗಾಳಿಯೇ ಶತ್ರು ಎಂದು ನಾನು ದೀರ್ಘವಾಗಿ ವಿವರಿಸಿದೆ. ಭಾವ ಅಡಿಕೆ ಹೋಳೊಂದನ್ನು ದವಡೆಗೆ ಸಿಕ್ಕಿಸಿಕೊಂಡು ಕೇಳಿದರು. "ಸರಿ, ಎರಡು ಸೊನ್ನೆ. ಸೊಕ್ಕೆ ಬಾಕಿ ಐತೆ."

ರಾತ್ರಿ ಅವರ ಸ್ನೇಹಿತರ ಮನೆಯಲ್ಲಿ ತಂಗಿ, ಭಾನುವಾರ ಸಂತೆಬೆನ್ನೂರಿನ ಮೇಲೆ ದಾವಣಗೆರೆಗೆ ಬಂದೆವು. ಬೆಣ್ಣೆ ದೋಸೆ ತಿಂದ ಮೇಲೆ ನಾನು ಒಂದು ಅಂಗಡಿ ಹುಡುಕಿ ಅದೇ ಶಿರಾಜಿನ ಹೊಸ ಬಾಟಲಿ ಕೊಂಡೆ. ಹೋಲಿಸಲು ಹೊಸದು ಇಲ್ಲದೆ ಹಳೆಯದರ ಗುಣ ಹೇಳುವುದು ಎದುರಾಳಿಯಿಲ್ಲದ ಚರ್ಚೆಯಂತೆ. ಪಕ್ಕದ ಚಹಾದಂಗಡಿಯಲ್ಲಿ ಎರಡು ಗಾಜಿನ ಲೋಟ ಕೇಳಿ ತೆಗೆದುಕೊಂಡೆ.

ಜಗಳೂರು ದಾಟಿದ ಮೇಲೆ ನೆಲದ ಬಣ್ಣವೇ ಬದಲಾಯಿತು. ಗದ್ದೆ, ಕಾಲುವೆ ಹಿಂದೆ ಉಳಿದವು. ಕಟಾವಾದ ಜೋಳದ ಕೂಳೆ, ಬಯಲು, ಸುಡುವ ಗಾಳಿ. ಸೊಕ್ಕೆಯಲ್ಲಿ ದೊಡ್ಡವ್ವ ಹಾಲಮ್ಮ ಬೇವಿನ ನೆರಳಿನಲ್ಲಿ ಕೂತು ಕಾಯುತ್ತಿದ್ದರು. ಭಾವ ಹಿಂದಿನ ದಿನವೇ ಫೋನ್ ಮಾಡಿದ್ದರಿಂದ ಕಣದ ಮೂಲೆಯ ಹಗೇವನ್ನು ಬೆಳಿಗ್ಗೆಯೇ ತೆರೆಸಿದ್ದರು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ತೆರೆದ ತಕ್ಷಣ ಇಳಿಯುವುದೂ ಇಲ್ಲ. ಕೆಟ್ಟ ಗಾಳಿ ಹೋಗಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು.

ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ: ನಾವು ಬರುವ ಮೊದಲೇ ಏಕೆ ತೆರೆಸಿದರು? ಹೊಸ ಬಾಟಲಿ ಇಳಿಸಿಟ್ಟಿರಬಹುದಲ್ಲವೆ? ದೀಪ ಉರಿಯುವುದನ್ನು ನೋಡಿ ನಾನೇ ಏಣಿ ಇಳಿದೆ. ಒಳಗೆ ತಂಪು, ಕತ್ತಲೆ. ಜೋಳದ ಹೊಟ್ಟಿನಲ್ಲಿ ನಾಲ್ಕು ಬಾಟಲಿ ಅಡ್ಡ ಮಲಗಿದ್ದವು. ಒಂದನ್ನು ಮೇಲೆ ತಂದು ಲೇಬಲ್ಲಿನ ವರ್ಷ ನೋಡಿದೆ, ಬಿರಡೆಯ ಮೇಲಿನ ಹೊದಿಕೆ ಉಗುರಿನಿಂದ ಕೆರೆದೆ. ಹಳೆಯದೇ.

"ಏನ್ ಹುಡುಕ್ತಾನೆ ಇವ್ನು, ಕಳ್ಳನ್ನ ಹಿಡ್ದ ಪೊಲೀಸ್ನಂಗೆ?" ಎಂದರು ಹಾಲಮ್ಮ.

"ನನ್ನ ಹೆಂಡ್ತಿ ತಮ್ಮ, ದೊಡ್ಡವ್ವ. ಅವರ ಮನ್ಯಾಗೆಲ್ಲ ಹಿಂಗೇ," ಎಂದರು ಭಾವ.

ನಾನು ನಿಯಮ ಹಾಕಿದೆ. ಒಬ್ಬ ಬೆನ್ನು ತಿರುಗಿಸಿ ಕೂರಬೇಕು, ಇನ್ನೊಬ್ಬ ಎರಡು ಲೋಟಕ್ಕೆ ಎರಡು ಬಾಟಲಿಯಿಂದ ಸುರಿಯಬೇಕು. ಯಾವುದು ಯಾವುದೆಂದು ಹೇಳದೆ ಕುಡಿಸಬೇಕು. ಲೋಟ ಹಿಡಿದುಕೊಳ್ಳಲು ಕೇಳಿದರೆ ಹಾಲಮ್ಮ ಎದೆಯ ಮೇಲಿನ ಲಿಂಗವನ್ನು ಸೆರಗಿನಿಂದ ಮುಚ್ಚಿಕೊಂಡು ಹಿಂದೆ ಸರಿದರು. "ನಾನು ಮುಟ್ಟಲ್ಲಪ್ಪ. ಹುಣಸೆ ರಸ ಕುಡಿಯಾಕೆ ಇಷ್ಟೊಂದು ಶಾಸ್ತ್ರ ಬೇಕೇನ್ರೋ?"

ಮೊದಲು ನನ್ನ ಸರದಿ. ಒಂದು ಲೋಟದಲ್ಲಿ ನೇರಳೆ ಹಣ್ಣು, ಕರಿಮೆಣಸು, ಆಮೇಲೆ ಹಲ್ಲಿಗೆ ಹತ್ತುವ ಒಗರು. ಇನ್ನೊಂದರಲ್ಲಿ ಹಣ್ಣೂ ಇತ್ತು, ಮೆಣಸೂ ಇತ್ತು, ಒಗರು ಮಾತ್ರ ಕರಗಿ ಹೋಗಿ ಗಂಟಲಲ್ಲಿ ಮೆತ್ತಗೆ ಇಳಿಯಿತು. ಎರಡನೆಯದೇ ಮೇಲು ಎಂದೆ. ಭಾವ ಲೋಟ ಅದಲುಬದಲು ಮಾಡಿ ಮತ್ತೆ ಕೊಟ್ಟರು. ಮತ್ತೆ ಅದನ್ನೇ ಆರಿಸಿದೆ.

"ಹಗೇವಿಂದು!" ಭಾವ ತೊಡೆ ತಟ್ಟಿದರು. "ಸೋತ್ಯಲ್ಲೋ ವಕೀಲ!"

ಸೋತಿದ್ದೆ. ಅಕ್ಕನ ಮಳಿಗೆ ನನ್ನ ನಾಲಿಗೆಯಿಂದಲೇ ಕೈತಪ್ಪುವಂತಾಯಿತು. ಸುಳ್ಳು ಹೇಳಬಹುದಿತ್ತು, ಆದರೆ ನಿಯಮ ಹಾಕಿದವನು ನಾನೇ. ಉಳಿದದ್ದು ಒಂದೇ ದಾರಿ. "ನಿಮ್ಮ ಸರದಿ ಭಾವ. ತಿರುಗಿ ಕೂರ್ರಿ."

"ನಂಗ್ಯಾಕೋ? ನಾನು ಗೆದ್ದೀನಿ."

"ನಾಲ್ಕು ವರ್ಷ ಇಡೋರು ನೀವು, ನಾನಲ್ಲ."

ತಿರುಗಿ ಕೂತರು. ಎರಡನ್ನೂ ಕುಡಿದರು. ಬಾಯಿ ಚಪ್ಪರಿಸಿ, ಕಣ್ಣು ಮುಚ್ಚಿ, ಎಡಗೈ ಲೋಟವನ್ನು ಎತ್ತಿ ಹಿಡಿದರು. "ಇದು ನೋಡು. ಇದ್ರಾಗೆ ದಮ್ ಐತೆ. ಆ ಇನ್ನೊಂದು ಸಪ್ಪೆ, ನೀರು ಹಾಕಿದಂಗೆ."

ನಾನು ದಾವಣಗೆರೆಯ ಬಾಟಲಿಯನ್ನು ಅವರ ಮುಂದಿಟ್ಟೆ.

ನಂಬಲಿಲ್ಲ. ಈಗ ಅನುಮಾನ ಅವರ ಪಾಲಿಗೆ ಬಂತು. ನನ್ನನ್ನು ಬೇವಿನ ಮರದಾಚೆ ಕಳಿಸಿ, ಹೊಸದರ ಲೋಟದ ತಳಕ್ಕೆ ಮಣ್ಣಿನ ಗುರುತಿಟ್ಟು ತಾವೇ ಸುರಿದುಕೊಂಡರು, ಕಣ್ಣು ಮುಚ್ಚಿ ಲೋಟ ಸುತ್ತಿಸಿದರು, ಕುಡಿದರು. ಆರಿಸಿದ ಲೋಟದ ತಳ ಎತ್ತಿ ನೋಡಿದರು. ಮತ್ತೆ ಹೊಸದೇ.

"ಒಗರು ಇಲ್ದಿದ್ರೆ ಅದೇನು ರುಚಿನೋ?" ಎಂದರು ಕೊನೆಗೆ. ಹುಟ್ಟಿದಾಗಿನಿಂದ ಅಡಿಕೆ ಅಗಿದ ಬಾಯಿ ಅದು. ಎರಡು ವರ್ಷ ನೆಲದೊಳಗಿಟ್ಟು ಕಾದು ಅವರು ಕಳೆದುಕೊಂಡದ್ದು ತಮಗೆ ಇಷ್ಟವಾದ ಆ ಒಗರನ್ನೇ.

"ಹೋಂಸ್ಟೇಯವರಿಗೆ ಮೆತ್ತಗಿದ್ದೇ ಹಿಡಿಸಬಹುದು," ಎಂದು ನನ್ನ ವಿರುದ್ಧ ನಾನೇ ವಾದಿಸಿದೆ. ಹಾಗೆ ಹೇಳದಿದ್ದರೆ ಅದು ನ್ಯಾಯವಲ್ಲ ಅನಿಸಿತು.

"ನನ್ನ ಬಾಯಿಗೆ ಒಪ್ಪದ ಮಾಲು ಇಷ್ಟು ದಿನಕ್ಕೆ ಯಾವತ್ತಾದ್ರೂ ಮಾರೀನೇನೋ?" ಭಾವ ಗದರಿದರು. ಫೋನ್ ತೆಗೆದು ಅಕ್ಕನಿಗೆ ಹಚ್ಚಿದರು. "ಲೇ, ನಾಳೆ ಬೆಳಿಗ್ಗೇನೇ ಆ ಮಳಿಗೆಗೆ ಅಡ್ವಾನ್ಸ್ ಕೊಟ್ಬಿಡು."

ಆ ಕಡೆಯ ದನಿ ನನಗೂ ಕೇಳಿಸಿತು. "ಕುಡ್ದು ಮಾತಾಡ್ತಿದೀರೇನ್ರಿ?"

"ಹೂಂ, ಕುಡ್ದೇ ಗೊತ್ತಾಗಿದ್ದು."

ರೊಟ್ಟಿ, ಮಡಿಕೆಕಾಳಿನ ಪಲ್ಯ ಉಂಡು ಹೊರಡುವ ಹೊತ್ತಿಗೆ ಹಾಲಮ್ಮ ಮಣ್ಣು ಕಲಸುತ್ತಿದ್ದರು. ಒಳಗೆ ಇನ್ನೂ ಮೂರು ಬಾಟಲಿ ಇದ್ದವು. "ಇವನ್ನ ತೆಗೀಲೋ, ಮುಚ್ಚಲೋ?" ಎಂದು ಕೇಳಿದರು.

"ತಗೊಂಡು ಹೋಗಿ ಯಾರಿಗಾದ್ರೂ ಕೊಡು, ನಂಗ್ ಬ್ಯಾಡ," ಎಂದರು ಭಾವ ನನ್ನತ್ತ ತಿರುಗಿ.

"ಮುಚ್ಚಿಬಿಡಿ ಅವ್ವ, ಇನ್ನೆರಡು ವರ್ಷ ಬಿಟ್ಟು ನಾನೇ ಬರ್ತೀನಿ," ಎಂದೆ ನಾನು.

ಭಾವ ನನ್ನ ಮುಖವನ್ನೇ ನೋಡಿದರು. ಜಗಳೂರಿನ ಆಟೋ ಹಾರ್ನ್ ಹೊಡೆಯುತ್ತಿತ್ತು. ಅದು ತಿರುವು ತೆಗೆದುಕೊಳ್ಳುವಾಗ ಹಿಂದಿರುಗಿ ನೋಡಿದೆ: ಹಾಲಮ್ಮ ಚಪ್ಪಡಿಯ ಅಂಚಿಗೆ ಮಣ್ಣು ಮೆತ್ತಿ, ಒದ್ದೆ ಅಂಗೈಯಿಂದ ನುಣ್ಣಗೆ ಸವರುತ್ತಿದ್ದರು.