ಪಂಜರ ಕಿತ್ತ ಕೋಣೆ

ಬಾರ್ಸಿಲೋನಾದ ಉತ್ತರಕ್ಕಿರುವ ವಿಕ್ ಬಯಲಿಗೆ ಮಂಜು ಇಳಿಯಿತೆಂದರೆ ದಾರಿ ತೋರಿಸುವುದು ಹಂದಿಯ ವಾಸನೆ ಮಾತ್ರ. ರೆಮೆಯ್ ಹುಟ್ಟಿದ್ದೂ ಆ ವಾಸನೆಯಲ್ಲೇ, ಮದುವೆಯಾಗಿ ಬಂದದ್ದೂ ಅದಕ್ಕೇ. ಐವತ್ತೆಂಟರ ಈ ಹೆಂಗಸು ಹೆರಿಗೆ ಮಾಡಿಸಿದ ಹಂದಿಗಳಿಗೆ ಲೆಕ್ಕವಿಲ್ಲ.

ಹೋದ ವರ್ಷ ಅವಳೇ ಹಟ ಹಿಡಿದು ಹೆರಿಗೆ ಕೋಣೆಯ ಕಬ್ಬಿಣದ ಪಂಜರಗಳನ್ನು ಕೀಳಿಸಿದಳು. ಮರಿಗಳು ಮೈಯಡಿ ಸಿಗದಿರಲೆಂದು ಹಾಕಿದ್ದ ಆ ಸರಳುಗಳ ನಡುವೆ ತಾಯಿಹಂದಿ ಏಳಬಹುದು, ಮಲಗಬಹುದು; ತಿರುಗುವಂತಿಲ್ಲ. ಈಗ ಒಂದೊಂದಕ್ಕೂ ಹುಲ್ಲು ಹಾಸಿದ ವಿಶಾಲ ಗೂಡು. ಮೂವತ್ತು ತಾಯಂದಿರು ಹಿಡಿಯುತ್ತಿದ್ದ ಕೋಣೆಗೆ ಇಪ್ಪತ್ತೇ. ಆ ನಷ್ಟ ತುಂಬಲು ಬಾರ್ಸಿಲೋನಾದ ವ್ಯಾಪಾರಿಯೊಬ್ಬ ಹೆಚ್ಚಿನ ಬೆಲೆ ಒಪ್ಪಿದ್ದ. ಷರತ್ತು ಒಂದೇ: ತಾಯಿಯಡಿ ಸಿಕ್ಕಿ ಸಾಯುವ ಮರಿಗಳು ನೂರಕ್ಕೆ ಹತ್ತು ಮೀರಬಾರದು. ಮೀರಿದರೆ ಹಳೆಯ ಬೆಲೆ, ಅಂದರೆ ಕೊಟ್ಟಿಗೆಗೆ ಬೀಗ.

"ಹೊಸ ಹಂದಿಗಳನ್ನೇ ತರೋಣ ಕಣೇ," ಅಂದಿದ್ದ ಗಂಡ ಎವುಡಾಲ್ಡ್.

"ಎಂಟೆಂಟು ಸಲ ಹೆತ್ತಿರೋವಕ್ಕೆ ಪಾಠ ಬೇಕಾ? ದುಡ್ಡೇನು ಗಿಡದಲ್ಲಿ ಬಿಡುತ್ತಾ?" ಎಂದು ಅವನ ಬಾಯಿ ಮುಚ್ಚಿಸಿದ್ದಳು.

ಹೊಸ ಗೂಡುಗಳಿಗೆ ಬಿಟ್ಟ ಮೊದಲ ದಿನ. ಅಂಗಳದಲ್ಲಿ ಗುದ್ದಾಡಿಕೊಂಡು ತಿರುಗುತ್ತಿದ್ದ ಹಂದಿಗಳು ಕೋಣೆಗೆ ಕಾಲಿಟ್ಟೊಡನೆ ಸ್ತಬ್ಧವಾದವು. ಗೂಡಿನ ನಡುವೆ, ಪಂಜರದ ಅಳತೆಯಲ್ಲೇ, ಇಪ್ಪತ್ತೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತವು. ಹುಲ್ಲನ್ನು ಮೂಸಲೂ ಇಲ್ಲ. ಹೆತ್ತ ಮೇಲೆ, ಇಲ್ಲದ ಸರಳಿಗೆ ಪಕ್ಕೆ ಆನಿಸಿ ಮಲಗಲು ಹೋಗಿ ದೊಪ್ಪನೆ ಬೀಳುತ್ತಿದ್ದವು. ಅಡಿಯಿಂದ ಮರಿಯ ಕೀರಲು ದನಿ ಒಮ್ಮೆ ಕೇಳಿ ನಿಂತುಹೋಗುತ್ತಿತ್ತು.

ಮೂರನೆಯ ವಾರಕ್ಕೆ ಸತ್ತ ಮರಿಗಳು ನೂರಕ್ಕೆ ಹದಿನೇಳು. ಪಶುವೈದ್ಯೆ ಕೆರಾಲ್ತ್ ಬಾಗಿಲು ದಾಟಿ ಒಳಗೇ ಬರಲಿಲ್ಲ.

"ಇವು ಕಲಿಯಲ್ಲ ಅಕ್ಕಾ. ಈ ಮುದುಕಿಯರನ್ನ ಕಳಿಸಿಬಿಡು. ಬಯಲಲ್ಲಿ ಬೆಳೆದ ಹರೆಯದವನ್ನ ತಾ, ವ್ಯಾಪಾರಿ ಇನ್ನೊಂದು ಸೂಲಿನವರೆಗೆ ಕಾಯ್ತಾನಂತೆ."

"ಕಸಾಯಿಖಾನೆಗಾ?"

"ಇನ್ನೇನು, ಮೊಂತ್ಸೆರಾತ್ ಯಾತ್ರೆಗಾ?" ಅಂದುಬಿಟ್ಟ ಎವುಡಾಲ್ಡ್. ಹೆಂಡತಿಯ ಮುಖ ಕಂಡು ನಾಲಗೆ ಕಚ್ಚಿಕೊಂಡ.

ಮರಿಗಳು ಹಾಲು ಬಿಟ್ಟ ಮೇಲೆ ಒಂದು ಬೆಳಗ್ಗೆ ಕೋಣೆಯ ಹಿಂಬಾಗಿಲಿಗೆ ಕಸಾಯಿಖಾನೆಯ ಲಾರಿ ಬಂತು. ಹೊರಗೆ ಬಿಳಿ ಮಂಜು. ಗೂಡುಗಳನ್ನು ಹಿಂದೆ ಮುಂದೆ ಎರಡೂ ಕಡೆ ತೆರೆದರೂ ಒಂದು ಹಂದಿಯೂ ಮಿಸುಕಲಿಲ್ಲ. ಚಾಲಕ ಕೂಗಿದ, ಹಲಗೆ ಬಡಿದ. ಆಗ ರೆಮೆಯ್ ಹತ್ತಿರದ್ದರ ಮೂತಿಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದಳು. ಪಂಜರಗಳು ತೆರೆಯುತ್ತಿದ್ದದ್ದು ಹಿಂಬದಿಯಿಂದ; ಇಷ್ಟು ವರ್ಷ ಅವನ್ನು ಹೊರಡಿಸುತ್ತಿದ್ದದ್ದೇ ಹೀಗೆ.

ಹಂದಿ ಒಂದು ಹೆಜ್ಜೆ ಹಿಂದಿಟ್ಟಿತು. ಪಕ್ಕದ್ದನ್ನು ಅವಳಿನ್ನೂ ಮುಟ್ಟಿರಲಿಲ್ಲ, ಅದೂ ಇಟ್ಟಿತು. ಇಪ್ಪತ್ತೂ ಸದ್ದಿಲ್ಲದೆ, ಹಿಂದುಹಿಂದಕ್ಕೆ ನಡೆಯುತ್ತಾ ಮಂಜಿನೊಳಗೆ ಹೋಗಿ ಲಾರಿ ಹತ್ತಿದವು, ಮುಖ ಅವಳ ಕಡೆಗೇ.

"ನಿನ್ನನ್ನೇ ನೋಡ್ತಾ ಹೋದವಲ್ಲ ತಾಯೀ," ಅಂದ ಚಾಲಕ, ನಗಲು ಹೋಗಿ ನಗಲಾರದೆ.

ರೆಮೆಯ್‌ಗೆ ಅಳು ಒತ್ತರಿಸಿ ಬಂತು. ಹಾಗೆ ನಡೆಯಲು ಕಲಿಸಿದವಳು ಅವಳೇ.