ಸಾಬವ್ವ ಕರೆತಂದ ನೂರು ಹೆಂಗಸರು

ಊರು ಬಿಟ್ಟು ದುಡಿಯಲು ಬಂದು, ಕಾಮೋಠೆಯ ನಾಕಾದ ಸರ್ಕಲ್ಲಿನಲ್ಲಿ ದಿನಾ ಬೆಳಗ್ಗೆ ಕೂಲಿಗಾಗಿ ಕಾಯುವ ಕಲಬುರಗಿ ಕಡೆಯ ಹೆಂಗಸರು ಸಾಬವ್ವನ ಕೈಯನ್ನೇ ನೋಡುತ್ತಿರುತ್ತಾರೆ. ಅವಳು ಕೈ ಎತ್ತಿದರೆ ಎದ್ದು ಟೆಂಪೊ ಹತ್ತುತ್ತಾರೆ. ಎತ್ತದಿದ್ದರೆ ಎಂಥ ಬಿಲ್ಡರ್ ಬಂದು ಬೊಗಳಿದರೂ ಕೂತೇ ಇರುತ್ತಾರೆ.

ಅವಳ ಗಂಡ ಚಂದ್ರಾಮ ಗೋಡೆ ಕಟ್ಟುವ ಗೌಂಡಿ. ಕೊರಳಲ್ಲಿ ತುಳಸಿಮಾಲೆ, ವರ್ಷಕ್ಕೆರಡು ಸಲ ಪಂಢರಪುರ. ಮೂರು ವರ್ಷದ ಹಿಂದೆ ನಾಲ್ಕನೇ ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಕಂತ್ರಾಟುದಾರ ಲಕ್ಷ್ಮೀಕಾಂತ ಬೀಳದಂತೆ ಸೊಂಟಕ್ಕೆ ಕಟ್ಟುವ ಬೆಲ್ಟು ಕೊಟ್ಟಿರಲಿಲ್ಲ. ಆದರೂ ಆ ಖದೀಮ, “ಕುಡಿದು ಹತ್ತಿದ್ದ” ಎಂದು ಊರಿಗೆಲ್ಲ ಸಾರಿ ಕೈತೊಳೆದುಕೊಂಡ. ಕುಡಿಯುವವನು ಮಾಲೆ ಹಾಕುವಂತಿಲ್ಲ. ಅವನ ಜೊತೆ ಪಂಢರಪುರಕ್ಕೆ ಹೋಗುತ್ತಿದ್ದ ಭಜನೆಯವರು ಬಂದು, ಹಾಸಿಗೆ ಹಿಡಿದವನ ಕೊರಳಿನಿಂದಲೇ ಅದನ್ನು ತೆಗೆಸಿದರು. ಪಕ್ಕದ ಖೋಲಿಯವಳು ನಾನು, ಕಣ್ಣಾರೆ ಕಂಡಿದ್ದೇನೆ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಭಜನೆಯವರಿಗೆ ನಿಜ ಹೇಳು ಎಂದು ಸಾಬವ್ವ ಲಕ್ಷ್ಮೀಕಾಂತನ ಹಿಂದೆ ಅಲೆದಳು. ಅವನ ಸುತ್ತ ಸದಾ ಹತ್ತು ಜನ. “ಐ ಆಮ್ ಇನ್ ಪಬ್ಲಿಕ್, ಸಾಬವ್ವ. ಆಮ್ಯಾಲ ಬಾ” ಎನ್ನುತ್ತಿದ್ದ. ಆಮೇಲೆ ಹೋದರೆ ಗೇಟು ತೆಗೆಯುತ್ತಿರಲಿಲ್ಲ. ಆ ಇಂಗ್ಲಿಷಿಗೆ ಏನರ್ಥ ಎಂದು ಅವಳು ನನ್ನ ಮಗಳು ಕಾಂಚನಾಳನ್ನು ಕೇಳಿದಳು.

“ಮಂದಿ ನಡುವ ಅದಾನಂತ, ಮೌಶಿ.”

“ಹಂಗಾದ್ರ ಮಂದಿ ನಡುವನೇ ಹಿಡೀತೀನಿ.”

ಈ ಸಲ ಲಕ್ಷ್ಮೀಕಾಂತನಿಗೆ ಪಾಲಿಕೆ ಚುನಾವಣೆಯ ಟಿಕೆಟ್ಟಿನ ಆಸೆ ಹತ್ತಿತು. ದೊಡ್ಡ ಲೀಡರು ಬಂದು ಅವನ ಹಿಂದೆ ಎಷ್ಟು ಜನ ಇದ್ದಾರೆಂದು ನೋಡುವವರಿದ್ದರು. ಅವಳಿಗೆ ಗೇಟು ತೆಗೆಯದಿದ್ದವನು ಈಗ ತಾನೇ ಅವಳ ಬಾಗಿಲಿಗೆ ಬಂದು, “ಸಭಾಕ್ಕ ನೂರು ಮಂದಿ ಹೆಣ್ಮಕ್ಕಳು ಬೇಕು ನೋಡವ್ವ” ಎಂದ. ಸಾಬವ್ವ ಚಹಾ ಕೊಟ್ಟು ಒಪ್ಪಿಕೊಂಡಳು.

ಸಭೆಯ ದಿನ ನಮ್ಮ ಹೆಂಗಸರಿಂದಲೇ ನೂರು ಕುರ್ಚಿ ತುಂಬಿದವು. ಭಜನೆಯವರು ಮುಂದೆಯೇ ಕೂತಿದ್ದರು, ನಾನು ಮಾತು ಕೇಳಿಸುವಷ್ಟು ವೇದಿಕೆಯ ಹತ್ತಿರ. ಸಾಬವ್ವ ಹಾರ ಹಿಡಿದು ವೇದಿಕೆ ಹತ್ತಿ, ಲಕ್ಷ್ಮೀಕಾಂತನ ಕೊರಳಿಗೆ ಹಾಕುತ್ತ ಮೆಲ್ಲಗೆ ಹೇಳಿದಳು: “ನನ್ನ ಗಂಡ ಕುಡಿದಿದ್ದಿಲ್ಲ ಅಂತ ಮೈಕಿನಾಗ ಹೇಳ್ರಿ.”

ಅವನು ಹಲ್ಲು ಕಿರಿಯುತ್ತಲೇ, “ಐ ಆಮ್ ಇನ್ ಪಬ್ಲಿಕ್...” ಎಂದ.

“ಗೊತ್ತದ. ಈ ಪಬ್ಲಿಕ್ ನಂದೇ. ಕೈ ಎತ್ತಲೇನು?”

ಅವನು ಲೀಡರನ್ನು ನೋಡಿದ, ಹೆಂಗಸರನ್ನು ನೋಡಿದ. ಅವರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಅವನ ಮುಖ ಬೆವೆತದ್ದು ಕಂಡು ನನಗೆ ಹಬ್ಬವಾಯಿತು.

“ಚಂದ್ರಾಮ ಅವತ್ತು ಕುಡಿದಿದ್ದಿಲ್ಲ,” ಎಂದ ಮೈಕಿನಲ್ಲಿ. “ಬೆಲ್ಟು ನಾನೇ ಕೊಟ್ಟಿದ್ದಿಲ್ಲ.”

ಮಾಲೆ ತೆಗೆಸಿದ್ದ ಭಜನೆಯ ಹಿರಿಯ ಮುಂಡಪ್ಪ ತಲೆ ತಗ್ಗಿಸಿದ.

ಸಾಬವ್ವ ಕೆಳಗಿಳಿದು ಬಂದಳು. ಬಂದವಳೇ ಕೈ ಎತ್ತಿದಳು. ನೂರೂ ಹೆಂಗಸರು ಸೆರಗು ಕೊಡವಿ ಎದ್ದು ಹೊರಟೇಬಿಟ್ಟರು. ಲೀಡರು ಖಾಲಿ ಕುರ್ಚಿಗಳಿಗೆ ಭಾಷಣ ಮಾಡಲಿಲ್ಲ, ಕಾರು ತರಿಸಿದರು.

ಮನೆಗೆ ಬಂದಾಗ ಚಂದ್ರಾಮನಿಗೆ ಸುದ್ದಿ ಮುಟ್ಟಿತ್ತು. ಅವನ ಕಣ್ಣು ಒದ್ದೆಯಾಗಿತ್ತು. “ಅವ ಹೇಳಿದ್ನಲ್ಲ. ಮತ್ತ್ಯಾಕ ಹೆಣ್ಮಕ್ಕಳನ್ನ ಎಬ್ಬಿಸಿದಿ?” ಎಂದು ಕೇಳಿದ.

“ಅವ ಹೇಳಿದ್ದು ನಿಮ್ಮ ಸಲುವಾಗಿ,” ಎಂದಳು ಸಾಬವ್ವ, ರೊಟ್ಟಿಗೆ ಹಿಟ್ಟು ನಾದುತ್ತ. “ನಾ ಎಬ್ಬಿಸಿದ್ದು ನನ್ನ ಸಲುವಾಗಿ.”