ಮಂಟಪದ ಕೆಳಗಿನ ಮುಳ್ಳುಬಳೆ

ದೆವ್ವ, ಗಾಳಿ, ಮಾಟ ಇವನ್ನೆಲ್ಲ ನಾನು ನಂಬಿದವನಲ್ಲ. ಸಣ್ಣವನಿದ್ದಾಗಲೇ ಶಾಲೆ ಬಿಟ್ಟು ಎತ್ತಿನ ಹಗ್ಗ ಹಿಡಿದವನಿಗೆ ಅದಕ್ಕೆಲ್ಲ ಪುರುಸೊತ್ತೂ ಇರಲಿಲ್ಲ. ಯಾರಾದರೂ ಅಂಥದ್ದು ಹೇಳಲು ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಆಗ ದಾವಣಗೆರೆಯಲ್ಲಿ ಮಿಲ್ಲು, ಗೋದಾಮು, ಮಾಳಿಗೆ ಮನೆ ಒಂದರ ಹಿಂದೊಂದು ಏಳುತ್ತಿದ್ದವು. ಹರಿಹರದ ಹೊಳೆಯಿಂದ ಅಲ್ಲಿಗೆ ಉಸುಕು ಹೊಡೆಯುವುದು ನನ್ನ ಕಸುಬು. ಕಸಕಡ್ಡಿ ಇಲ್ಲದ ಉಸುಕು ಬೇಕೆಂದರೆ ಮೇಸ್ತ್ರಿಗಳು ನನ್ನ ಗಾಡಿಗೇ ಕಾಯುತ್ತಿದ್ದರು. ಜಂಬ ಅಂದರೂ ಸರಿ, ದುಡಿದು ಗಳಿಸಿದ ಜಂಬ.

ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ ಹನುಮಂತಜ್ಜನಿಗೆ ಆಮೆಗಳ ಹುಚ್ಚು. ಹೊಳೆ ಇಳಿದ ಮೇಲೆ ಆಮೆಗಳು ದಂಡೆಗೆ ಬಂದು ಉಸುಕಿನಲ್ಲಿ ಕುಳಿ ತೋಡಿ ಮೊಟ್ಟೆ ಇಡುತ್ತವೆ. ಮುಂಗಾರು ಶುರುವಾದಾಗ ಮರಿಗಳು ಹೊರಬರುತ್ತವೆ. ಅಲ್ಲಿಯವರೆಗೆ ನರಿ ಕೆದರಬಾರದು, ಮನುಷ್ಯ ಅಗೆಯಬಾರದು ಎಂದು ಅಜ್ಜ ಜಾಲಿಮುಳ್ಳಿನ ಟೊಂಗೆಗಳನ್ನು ಬಳೆಯಂತೆ ಬಗ್ಗಿಸಿ, ಜೊಂಡಿನ ಹುರಿಯಿಂದ ಕಟ್ಟಿ, ಕುಳಿಯ ಸುತ್ತ ಊರುತ್ತಿದ್ದ. ಅವನು ಎಡಚ. ಹುರಿ ಹೊಸೆದರೂ ಗಂಟು ಹಾಕಿದರೂ ಎಡಕ್ಕೇ ತಿರುಗುತ್ತಿತ್ತು. ಗಂಟು ನೋಡಿದರೆ ಸಾಕು, ಅಜ್ಜನದು ಎಂದು ಗೊತ್ತಾಗುತ್ತಿತ್ತು.

ಅವನ ಎಳೆತನದಲ್ಲಿ ಬಂಡೆಗಳ ಮೇಲೆ ಆಮೆಗಳು ಬೋರಲು ಹಾಕಿದ ಗಡಿಗೆಗಳಂತೆ ಸಾಲಾಗಿ ಬಿಸಿಲು ಕಾಯುತ್ತಿದ್ದವಂತೆ. ಜನ ಮೊಟ್ಟೆ ಅಗೆದು ತಿಂದರು, ಬಲೆ ಹಾಕಿ ಸಂತೆಗೆ ಒಯ್ದರು. ಉಳಿದದ್ದನ್ನು ನಮ್ಮ ಸಲಿಕೆ ಮುಗಿಸುತ್ತಿತ್ತು. "ಗಾಡಿ ನಿಲ್ಸ್ರಿ ಅಂತ ನಾ ಹೇಳಾಂಗಿಲ್ಲ ತಮ್ಮಾ," ಎಂದು ಒಮ್ಮೆ ಅಂದಿದ್ದ, "ಮುಳ್ಳು ಕಂಡಲ್ಲಿ ಸುತ್ತಿ ಹೋಗ್ರಿ, ಅಷ್ಟು ಸಾಕು. ಇಲ್ಲಾಂದ್ರೆ ನಿಮ್ಮ ಮಕ್ಕಳಿಗೆ ಆಮೆ ಅಂದ್ರೆ ಗುಡಿ ನೆಲದಾಗಿನ ಕಲ್ಲಾಮೆ ಒಂದೇ."

ನಾನು ಸುತ್ತಿ ಹೋಗುತ್ತಿದ್ದೆ. ಎಲ್ಲರೂ ಹಾಗಲ್ಲ. ಗಾಲಿ ಹಸಿ ಉಸುಕಿನಲ್ಲಿ ಹೂತರೆ ಕೈಗೆ ಸಿಕ್ಕ ಮುಳ್ಳುಕಂಟಿ ಎಳೆದು ಕೆಳಗೆ ಹಾಸುವುದು ನಮ್ಮ ರೂಢಿ. ಅಜ್ಜನ ಎಷ್ಟೋ ಬಳೆಗಳು ಹಾಗೇ ಹೋದವು. ಕೇಡಿನ ಮನಸ್ಸು ಯಾರಿಗೂ ಇರಲಿಲ್ಲ. ಗಾಡಿಯವನಿಗೆ ಮುಳ್ಳು ಕಂಡರೆ ಗಾಲಿಯೇ ನೆನಪಾಗುವುದು.

ಆ ವರ್ಷ ಶಿವರಾತ್ರಿ ಹೊತ್ತಿಗೆ ಅಜ್ಜನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಮಗಳು ತನ್ನೂರು ಹದಡಿಗೆ ಕರೆದುಕೊಂಡು ಹೋದಳು. ಬೇಸಿಗೆ ಮುಗಿಯುವುದರೊಳಗೆ ದಂಡೆಯ ಮೇಲಿದ್ದ ಮುಳ್ಳುಗಳೆಲ್ಲ ಗಾಲಿಗಳ ಕೆಳಗೆ ಸೇರಿದವು. ಒಂದೂ ಉಳಿದಿರಲಿಲ್ಲ. ಇದನ್ನು ಖಚಿತವಾಗಿ ಹೇಳಬಲ್ಲೆ, ದಿನಾ ನೋಡುತ್ತಿದ್ದ ದಂಡೆ ಅದು.

ಒಂದು ರಾತ್ರಿ ಮಳೆ ಹೊಡೆದು ಬೆಳಗಿಗೆ ನಿಂತಿತ್ತು. ನನ್ನದೂ ಗೆಳೆಯ ಖಾದರನದೂ ಮೊದಲ ಗಾಡಿಗಳು. ದಂಡೆ ಸಾರಿಸಿದ ನೆಲದಂತಿತ್ತು, ನಾಯಿಯ ಹೆಜ್ಜೆಯೂ ಇರಲಿಲ್ಲ. ಹೇರು ತುಂಬಿ ಹೊರಳಿಸುವಾಗ, ದಂಡೆಯ ಮೇಲಿನ ಹಳೇ ಕಲ್ಲುಮಂಟಪದ ಕೆಳಗೆ ನನ್ನ ಗಾಲಿ ಅರ್ಧಕ್ಕೆ ಹೂತಿತು.

"ಅಲ್ಲೇ ಐತಲ್ಲಣ್ಣ ಮುಳ್ಳು, ಎಳದು ಹಾಕು," ಅಂದ ಖಾದರ್.

ಬಗ್ಗಿ ಕೈ ಹಾಕಿದವನು ಹಾಗೇ ನಿಂತೆ. ಹಸಿ ಜಾಲಿಯ ಬಳೆ. ಕಡಿದ ತುದಿಯ ಅಂಟು ಇನ್ನೂ ಗಟ್ಟಿಯಾಗಿರಲಿಲ್ಲ. ಜೊಂಡಿನ ಹುರಿ, ಎಡಕ್ಕೆ ತಿರುಗಿದ ಗಂಟು. ಹಿಂದಿನ ಸಂಜೆ ಕೊನೆಯ ಗಾಡಿ ನನ್ನದೇ, ಅದೇ ಜಾಗದಲ್ಲಿ ಹಾದಿದ್ದೆ. ಆಗ ಅಲ್ಲಿ ಏನೂ ಇರಲಿಲ್ಲ.

"ಏನಣ್ಣ, ಆಮೆ ಜೊತಿಗೆ ಬೀಗತನ ಆತಾ?" ಎಂದು ನಗುತ್ತಾ ಬಂದ ಖಾದರ್ ಗಂಟು ನೋಡಿ ಸಲಿಕೆ ಕೈಗೆತ್ತಿಕೊಂಡ. ಇಬ್ಬರೂ ಹೇರನ್ನೆಲ್ಲ ಇಳಿಸಿ ಗಾಡಿ ಹೊರಗೆಳೆದೆವು. ನನ್ನ ಗಾಡಿ ಖಾಲಿ ಹಿಂದಿರುಗಿದ್ದು ಅದೇ ಮೊದಲು. ಬೇರೆ ಗಾಡಿಯವರು ಆ ಮುಳ್ಳಿಗೆ ಕೈ ಹಚ್ಚದಂತೆ ನೋಡಿಕೊಳ್ಳಲು ಖಾದರನನ್ನು ಅಲ್ಲೇ ಕೂರಿಸಿ, ನಾನು ಬಸ್ಸು ಹಿಡಿದು ಹದಡಿಗೆ ಹೋದೆ.

ಅಜ್ಜ ಹೊರಸಿನ ಮೇಲೆ ಮಲಗಿದ್ದ. ಎಡಗೈ ಒಣಗಿದ ಟೊಂಗೆಯಂತೆ ಎದೆಯ ಮೇಲಿತ್ತು. ನಾನು ಬಾಯಿ ಬಿಡುವ ಮುಂಚೆಯೇ ತೊದಲುತ್ತಾ ಕೇಳಿದ: "ಮಂಟಪದ ಕೆಳಗಿಂದು... ಮುಳ್ಳು ಕಿತ್ತಿರೇನು?"

"ಇಲ್ಲಜ್ಜ. ಹಂಗೇ ಐತೆ."

ಅವನು ಕಣ್ಣು ಮುಚ್ಚಿಕೊಂಡ. ಹೊರಗೆ ಬಂದು ಮಗಳನ್ನು ಕೇಳಿದೆ. "ಶಿವರಾತ್ರಿಯಿಂದ ಎದ್ದು ಕುಂತಿಲ್ರಿ, ಮಗ್ಗಲೂ ನಾವೇ ಬದಲಿಸ್ಬೇಕು," ಅಂದಳು. ಹೊಳೆ ಕಡೆಯಿಂದ ನನಗಿಂತ ಮುಂಚೆ ಯಾರೂ ಬಂದಿರಲಿಲ್ಲವಂತೆ.

ಆ ರಾತ್ರಿಯೂ ಮಳೆ ಬಂತು. ಬೆಳಗ್ಗೆ ನಾನೂ ಖಾದರನೂ ದಂಡೆಯಲ್ಲಿ ನಿಂತು ನೋಡುತ್ತಿದ್ದಂತೆ ಬಳೆಯೊಳಗಿನ ಉಸುಕು ಅಲುಗಿತು. ಬೋರೆಹಣ್ಣಿಗಿಂತ ಒಂದಿಷ್ಟು ದೊಡ್ಡ ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದವು. ಖಾದರ್ ಟವಲ್ ಬೀಸಿ ಕಾಗೆ ಓಡಿಸಿದ. ಎಲ್ಲವೂ ನೀರು ಸೇರಿದವು. ಸುದ್ದಿ ಹದಡಿಗೆ ಮುಟ್ಟಿಸಿದೆ. ಅದೇ ಮಳೆಗಾಲದಲ್ಲಿ ಅಜ್ಜ ತೀರಿಕೊಂಡ.

ಯಾರೋ ಕಟ್ಟಿರಬೇಕು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಹೊಳೆಯವರನ್ನು, ಗಾಡಿಯವರನ್ನು, ಬೆಸ್ತರನ್ನು ಬಿಡದೆ ವಿಚಾರಿಸಿದೆ. ಯಾರೂ ನಾನು ಅನ್ನಲಿಲ್ಲ, ಅವರಲ್ಲಿ ಎಡಚನೂ ಸಿಗಲಿಲ್ಲ. ಯಾರೋ ಕಟ್ಟಿದರೆಂದೇ ಇಟ್ಟುಕೊಳ್ಳಿ, ಹದಡಿಯ ಹೊರಸಿಗೆ ಅದನ್ನು ಹೇಳಿದವರು ಯಾರು?

ಆ ಗಂಟನ್ನು ನಾನು ಬಿಚ್ಚಲಿಲ್ಲ, ಕೊಟ್ಟಿಗೆಯಲ್ಲಿ ತೂಗುಹಾಕಿದ್ದೇನೆ. ಮುಂದಿನ ವರ್ಷದಿಂದ ಹೊಳೆ ಇಳಿದ ಮೇಲೆ ಮುಳ್ಳು ಕಟ್ಟುವ ಕೆಲಸ ನನ್ನದೂ ಖಾದರನದೂ ಆಯಿತು. ಅಜ್ಜನ ಗಂಟನ್ನು ಎದುರಿಗಿಟ್ಟುಕೊಂಡೇ ಹಾಕಲು ನೋಡಿದ್ದೇನೆ. ನನ್ನದು ಬಲಕ್ಕೇ ತಿರುಗುತ್ತದೆ.